ಬಿಸಿಲಿದೆ ಅಂತ ತಡವಾಗಿ ಹೊರಡಬಹುದೇ?

ಪ್ರಶ್ನೆ: ನಾವು ಹನ್ನೆರಡು ಮಂದಿ ಸೇರಿ ಶರತ್ಕಾಲದ ಒಂದು ಭಾನುವಾರ ಬೆಟ್ಟದ ಚಾರಣ ಇಟ್ಟುಕೊಂಡಿದ್ದೇವೆ. ಒಂದು ಮಗ್ಗುಲಲ್ಲಿ ಹತ್ತಿ ಇನ್ನೊಂದು ಮಗ್ಗುಲಲ್ಲಿ ಇಳಿದು ಹೊರಟಲ್ಲಿಗೇ ಬಂದು ಸೇರುವ ಸುತ್ತು ದಾರಿ, 14 ಕಿ.ಮೀ., ಒಟ್ಟು ಏರು 700 ಮೀಟರ್. ಕೆಳಗಿನ ಅರ್ಧ ಕಾಡು, ಮೇಲೆ ಬಯಲು. ಇಡೀ ದಿನ ಬಿಸಿಲು ಎಂದು ಹವಾಮಾನ ಮುನ್ಸೂಚನೆ ಇದೆ. ತಂಡವನ್ನು ಕರೆದೊಯ್ಯುವ ಹೊಣೆ ಮೊದಲ ಸಲ ನನ್ನ ಮೇಲೆ ಬಿದ್ದಿದೆ. "ಬೇಸಿಗೆಯಲ್ಲಿ ಇದೇ ಬೆಟ್ಟವನ್ನು ಆರಾಮಾಗಿ ಹತ್ತಿ ಇಳಿದಿದ್ದೇವಲ್ಲ, ಹತ್ತೂವರೆಗೆ ಹೊರಟರೆ ಸಾಕು" ಅನ್ನುತ್ತಿದ್ದಾರೆ ಎಲ್ಲರೂ. ಅಂದು ಸೂರ್ಯ ಮುಳುಗುವುದು 5.45ಕ್ಕೆ. ನಾನು ಯಾವುದಕ್ಕೆ ಎಚ್ಚರ ವಹಿಸಬೇಕು? ಮಂಡಿ ನೋವಿರುವ ಗೆಳತಿಯೊಬ್ಬಳು ಬರಲೋ ಬೇಡವೋ ಎಂದು ಕೇಳುತ್ತಿದ್ದಾಳೆ, ಅವಳಿಗೇನು ಹೇಳಲಿ?

ಉತ್ತರ: ಹತ್ತೂವರೆ ಬೇಡ. ಒಂಬತ್ತಕ್ಕೆ ಹೊರಡಿ. ಉಳಿದದ್ದೆಲ್ಲ ಈ ಒಂದು ಮಾತಿನ ವಿವರಣೆ ಅಂದುಕೊಳ್ಳಿ.

ಮಳೆ ಬರುವ ದಿನ ಎಲ್ಲರೂ ತಾವಾಗಿಯೇ ಹುಷಾರಾಗಿರುತ್ತಾರೆ. ಜಾಕೆಟ್ ತರುತ್ತಾರೆ, ಬೇಗ ಹೊರಡುತ್ತಾರೆ, ಮೋಡ ಕಪ್ಪಾದರೆ ತಿರುಗಿ ಬರೋಣವೇ ಅಂತ ಅವರೇ ಕೇಳುತ್ತಾರೆ. ತಂಡ ಕರೆದೊಯ್ಯುವವರಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಶರತ್ಕಾಲದ ಬಿಸಿಲು ಹಾಗಲ್ಲ. ಆಕಾಶ ನೀಲಿ, ಗಾಳಿ ತಂಪು, ಎಲೆಗಳಿಗೆ ಬಣ್ಣ. ಯಾರಿಗೂ ಯಾವುದಕ್ಕೂ ಅವಸರವಿಲ್ಲ. ನಾನು ಕತ್ತಲಲ್ಲಿ ತಂಡವನ್ನು ಇಳಿಸಿಕೊಂಡು ಬಂದದ್ದು ಒಂದೇ ಸಲ, ಅದೂ ಇಂಥದ್ದೇ ಒಂದು ದಿನ. ಹದಿನಾರು ಜನ, ಎರಡು ಟಾರ್ಚು. ಯಾರಿಗೂ ಪೆಟ್ಟಾಗಲಿಲ್ಲ, ಯಾರೂ ದಾರಿ ತಪ್ಪಲಿಲ್ಲ. ಆದರೆ ಬೇರು ತುಂಬಿದ ಒಂದೂವರೆ ಕಿಲೋಮೀಟರ್ ಇಳಿಯಲು ಎರಡು ಗಂಟೆ ಹಿಡಿಯಿತು. ಬೆಳಿಗ್ಗೆ ನಾವು ಮುಕ್ಕಾಲು ಗಂಟೆ ತಡ ಮಾಡಿದ್ದು ಯಾಕೆ ಅಂತ ಆಮೇಲೆ ಯೋಚಿಸಿದೆ. ಕಾರಣವೇ ಇರಲಿಲ್ಲ. ಬಿಸಿಲು ಚೆನ್ನಾಗಿತ್ತು, ಮಾತಾಡುತ್ತ ನಿಂತಿದ್ದೆವು, ಅಷ್ಟೆ.

ನಿಮ್ಮ ಗೆಳೆಯರ "ಬೇಸಿಗೆಯಲ್ಲಿ ಹತ್ತಿದ್ದೇವಲ್ಲ" ಎಂಬ ವಾದವನ್ನು ಮೊದಲು ಇತ್ಯರ್ಥ ಮಾಡೋಣ. ಹಗಲು ಎಲ್ಲ ಕಾಲದಲ್ಲೂ ಒಂದೇ ವೇಗದಲ್ಲಿ ಚಿಕ್ಕದಾಗುವುದಿಲ್ಲ. ಬೇಸಿಗೆಯ ನಡುವೆ ವಾರಗಟ್ಟಲೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹಗಲು ರಾತ್ರಿ ಸಮನಾಗುವ ದಿನದ ಆಸುಪಾಸಿನಲ್ಲಿ, ಅಂದರೆ ಉತ್ತರಾರ್ಧಗೋಳದಲ್ಲಿ ಸೆಪ್ಟೆಂಬರ್ 22-23ರ ಹಿಂದೆಮುಂದೆ, ಅದು ಅತಿ ವೇಗವಾಗಿ ಕುಗ್ಗುತ್ತದೆ. 45 ಡಿಗ್ರಿ ಅಕ್ಷಾಂಶದ ಸುತ್ತಮುತ್ತ ದಿನಕ್ಕೆ ಸುಮಾರು 3 ನಿಮಿಷ. ಕೇಳಲು ಸಣ್ಣದು, ಆದರೆ ತಿಂಗಳಿಗೆ ಒಂದೂವರೆ ಗಂಟೆ. ಭೂಮಧ್ಯರೇಖೆಗೆ ಹತ್ತಿರ ಹೋದಷ್ಟೂ ಈ ವ್ಯತ್ಯಾಸ ಕಡಿಮೆ, ದೂರ ಸರಿದಷ್ಟೂ ಹೆಚ್ಚು. ಹಾಗಾಗಿ ಬೇಸಿಗೆಯ ನೆನಪು ಶರತ್ಕಾಲಕ್ಕೆ ಲೆಕ್ಕವಲ್ಲ. ಬೆಟ್ಟ ಅದೇ ಇರಬಹುದು, ದಿನ ಅದೇ ಅಲ್ಲ.

ಈಗ ನಿಮ್ಮ ನಡಿಗೆಯ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸೂತ್ರ ಕೊಟ್ಟರು. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ದಾರಿಗೆ ಇದನ್ನು ಹಾಕಿದರೆ 2 ಗಂಟೆ 48 ನಿಮಿಷ, ಜೊತೆಗೆ 1 ಗಂಟೆ 10 ನಿಮಿಷ. ಹತ್ತಿರ ಹತ್ತಿರ ನಾಲ್ಕು ಗಂಟೆ. ಹತ್ತೂವರೆಗೆ ಹೊರಟರೆ ಎರಡೂವರೆಗೆ ವಾಪಸ್, ಇನ್ನೇನು ಚಿಂತೆ ಅಂತ ನಿಮ್ಮ ಗೆಳೆಯರ ತಲೆಯಲ್ಲಿ ಓಡುತ್ತಿರುವುದು ಬಹುಶಃ ಇದೇ ಲೆಕ್ಕ.

ಆದರೆ ನೈಸ್ಮಿತ್ ಸೂತ್ರ ಗಟ್ಟಿ ಕಾಲಿನ ಒಬ್ಬ ಮನುಷ್ಯ ಎಲ್ಲೂ ನಿಲ್ಲದೆ ನಡೆದರೆ ಹಿಡಿಯುವ ಹೊತ್ತು. ಅದರಲ್ಲಿ ಊಟವಿಲ್ಲ, ಶೂ ಲೇಸ್ ಕಟ್ಟಿಕೊಳ್ಳುವುದಿಲ್ಲ, ಫೋಟೋ ಇಲ್ಲ. ಹನ್ನೆರಡು ಜನರ ತಂಡಕ್ಕೆ ನಾನು ಗಂಟೆಗೆ 4 ಕಿ.ಮೀ. ಹಿಡಿಯುತ್ತೇನೆ. ಆಗ ಬರೀ ನಡಿಗೆಗೇ 3 ಗಂಟೆ 30 ನಿಮಿಷ, ಏರಿಗೆ 1 ಗಂಟೆ 10, ಒಟ್ಟು 4 ಗಂಟೆ 40. ಊಟಕ್ಕೆ 45 ನಿಮಿಷ. ಹತ್ತು ಹತ್ತು ನಿಮಿಷದ ನಾಲ್ಕು ನಿಲುಗಡೆಗೆ 40. ಇಲ್ಲಿಗೆ 6 ಗಂಟೆ 5 ನಿಮಿಷ ಆಯಿತು. ಹತ್ತೂವರೆಗೆ ಎಂದ ತಂಡ ಹನ್ನೊಂದಕ್ಕೆ ಮುಂಚೆ ಹೆಜ್ಜೆ ಇಟ್ಟದ್ದನ್ನು ನಾನಂತೂ ನೋಡಿಲ್ಲ. ಹನ್ನೊಂದಕ್ಕೆ ಹೊರಟರೆ ಬುಡ ಸೇರುವಾಗ 5.05. ಸೂರ್ಯಾಸ್ತಕ್ಕೆ ಉಳಿದದ್ದು ನಲವತ್ತು ನಿಮಿಷ, ಅದೂ ಎಲ್ಲ ಸರಿಯಾಗಿ ನಡೆದರೆ. ಒಬ್ಬರ ಕಣಕಾಲು ಉಳುಕಿದರೆ ಆ ನಲವತ್ತು ನಿಮಿಷ ಕಾಡಿನ ಅಂಚು ಸೇರುವ ಮೊದಲೇ ಖರ್ಚಾಗಿರುತ್ತದೆ. ಇದೇ ಲೆಕ್ಕದಲ್ಲಿ ಒಂಬತ್ತು ಎಂದು ಹೇಳಿ ಒಂಬತ್ತೂವರೆಗೆ ಹೊರಟರೂ 3.35ಕ್ಕೆ ಕೆಳಗಿರುತ್ತೀರಿ.

ಇಳಿಯುವಾಗ ಹೊತ್ತು ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಹದವಾದ ಇಳಿಜಾರಿನಲ್ಲಿ ಉಳಿಯುವುದು ನಿಜ. ಇಳಿಜಾರು 12 ಡಿಗ್ರಿ ದಾಟಿದರೆ ಉಲ್ಟಾ, ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಸೇರಿಸಬೇಕು. ನೈಸ್ಮಿತ್ ಸೂತ್ರಕ್ಕೆ ಪರ್ವತಾರೋಹಿ ಎರಿಕ್ ಲ್ಯಾಂಗ್‌ಮ್ಯೂರ್ ಮಾಡಿದ ತಿದ್ದುಪಡಿ ಇದು. ಅದರ ಮೇಲೆ ಈ ಕಾಲದ ಉದುರೆಲೆ. ಒಣಗಿದ ಎಲೆ ಕಲ್ಲನ್ನೂ ಬೇರನ್ನೂ ಮುಚ್ಚಿರುತ್ತದೆ, ಒದ್ದೆ ಎಲೆ ಕಲ್ಲಿನ ಮೇಲೆ ಸೋಪಿನಂತೆ ಜಾರುತ್ತದೆ. ಬೆಟ್ಟದ ನೆರಳಿನ ಮಗ್ಗುಲಲ್ಲಿ ರಾತ್ರಿಯ ಇಬ್ಬನಿ ಮಧ್ಯಾಹ್ನವಾದರೂ ಆರಿರುವುದಿಲ್ಲ, ಚಳಿ ಪ್ರದೇಶವಾದರೆ ಮಂಜಿನ ಪದರವೇ ಉಳಿದಿರುತ್ತದೆ. ಎದುರಿನ ಮಗ್ಗುಲಲ್ಲಿ ಬಿಸಿಲು ಕಾಯಿಸುತ್ತ ಕುಳಿತವರಿಗೆ ಇದರ ಅಂದಾಜೇ ಆಗುವುದಿಲ್ಲ. ಎಲೆ ಮಾಡುವ ಇನ್ನೊಂದು ಕಿತಾಪತಿ, ಕಾಲುದಾರಿಯನ್ನೇ ಮಾಯ ಮಾಡುವುದು. ಕಾಡಿನೊಳಗೆ ನೆಲವೆಲ್ಲ ಒಂದೇ ಬಣ್ಣವಾದಾಗ ದಾರಿ ಯಾವುದು, ಮರಗಳ ನಡುವಿನ ಬರೀ ಸಂದು ಯಾವುದು ಅಂತ ತಿಳಿಯದೆ ಪಳಗಿದವರೂ ಒಂದು ಗಳಿಗೆ ನಿಲ್ಲುತ್ತಾರೆ. ಬೇಸಿಗೆಯಲ್ಲಿ ಕಣ್ಣುಮುಚ್ಚಿ ನಡೆದ ಕವಲಿನಲ್ಲೂ ಈಗ ನಕ್ಷೆ ತೆಗೆಯಿರಿ.

ಸುತ್ತು ದಾರಿ ಅಂದಿರಿ, ಯಾವ ಕಡೆಯಿಂದ ಹತ್ತಬೇಕು ಅನ್ನುವುದನ್ನು ನೀವು ಕೇಳಿಲ್ಲ. ನಾನಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ. ಮಧ್ಯಾಹ್ನದ ಮೇಲೆ ಬೆಟ್ಟದ ಪೂರ್ವದ ಮಗ್ಗುಲು ತನ್ನ ನೆರಳಲ್ಲಿ ತಾನೇ ಮುಳುಗುತ್ತದೆ. ಪಂಚಾಂಗದಲ್ಲಿ ಸೂರ್ಯಾಸ್ತ 5.45 ಎಂದಿದ್ದರೂ ಆ ಮಗ್ಗುಲಿಗೆ ಸೂರ್ಯ ಒಂದು ಗಂಟೆ ಮೊದಲೇ ಮರೆಯಾಗಿರಬಹುದು, ಕಡಿದಾದ ಕಣಿವೆಯಾದರೆ ಇನ್ನೂ ಬೇಗ. ಸೂರ್ಯ ಮರೆಯಾದ ಮೇಲೂ ಆಕಾಶದ ಬೆಳಕು ಇರುತ್ತದೆ, ಆದರೆ ಬೆಚ್ಚಗಿನದು ಹೋಗುತ್ತದೆ, ಮರಗಳಡಿ ಮಬ್ಬಾಗುತ್ತದೆ. ಪಶ್ಚಿಮದ ಮಗ್ಗುಲಲ್ಲಿ ಇಳಿದರೆ ಕೊನೆಯವರೆಗೂ ಬಿಸಿಲಿರುತ್ತದೆ, ಆದರೆ ತಗ್ಗಿದ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಾನೆ. ಹೆಜ್ಜೆ ಇಡುವ ಜಾಗ ಕಾಣದೆ ಎಡವುವವರು ಹೆಚ್ಚು. ಎರಡರಲ್ಲಿ ನನ್ನ ಆಯ್ಕೆ ಪಶ್ಚಿಮ, ತಲೆಗೆ ಮುಂಚಾಚಿನ ಟೋಪಿಯೊಂದಿಗೆ. ಪಶ್ಚಿಮದ ದಾರಿ ತುಂಬ ಕಡಿದಾಗಿದ್ದರೆ ಮಾತ್ರ ಅದನ್ನು ಹತ್ತಲು ಇಟ್ಟುಕೊಂಡು ಪೂರ್ವದಲ್ಲಿ ಇಳಿಯಿರಿ. ಕಡಿದಾದದ್ದನ್ನು ಹತ್ತುವುದು ಆಯಾಸ, ಇಳಿಯುವುದು ಅಪಾಯ.

ಎಷ್ಟು ಹಗಲು ಉಳಿದಿದೆ ಎಂದು ತಿಳಿಯಲು ಗಡಿಯಾರವಿಲ್ಲದೆಯೂ ಒಂದು ಉಪಾಯ ಇದೆ. ತೋಳು ಪೂರ್ತಿ ಚಾಚಿ, ಅಂಗೈಯನ್ನು ನಿಮ್ಮ ಕಡೆಗೆ ತಿರುಗಿಸಿ, ಬೆರಳುಗಳನ್ನು ಅಡ್ಡಲಾಗಿ ಹಿಡಿದು ದಿಗಂತಕ್ಕೂ ಸೂರ್ಯನಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತವೆ ನೋಡಿ. ಒಂದು ಬೆರಳಿಗೆ ಸುಮಾರು 15 ನಿಮಿಷ, ನಾಲ್ಕು ಬೆರಳಿಗೆ ಒಂದು ಗಂಟೆ. ಸೂರ್ಯನನ್ನೇ ದಿಟ್ಟಿಸಬೇಡಿ, ಬೆರಳ ಮರೆಯಲ್ಲಿಟ್ಟುಕೊಳ್ಳಿ. ಇದು ನಿಖರವೇನಲ್ಲ. ಆದರೆ ತಂಡದ ಎದುರು ಕೈ ಚಾಚಿ "ಆರು ಬೆರಳು ಉಳಿದಿದೆ" ಅಂದರೆ, ಗಡಿಯಾರ ತೋರಿಸಿ ಹೇಳಿದ್ದಕ್ಕಿಂತ ಬೇಗ ಜನ ಎದ್ದು ನಿಲ್ಲುತ್ತಾರೆ. ನಾನು ಇದನ್ನು ಬಳಸುವುದು ಮುಖ್ಯವಾಗಿ ಅದಕ್ಕೇ.

ಬಟ್ಟೆಯ ವಿಷಯ. ಕೆಳಗೆ ವಾಹನದಿಂದ ಇಳಿದಾಗ ಮೈಗೆ ಬೆಚ್ಚಗೆ ಅನಿಸಿದರೆ ನೀವು ಹೆಚ್ಚು ತೊಟ್ಟಿದ್ದೀರಿ ಎಂದೇ ಅರ್ಥ. ಹತ್ತು ನಿಮಿಷ ಏರಿದರೆ ಬೆವರು ಶುರು. ಆ ಬೆವರಿನ ಬಟ್ಟೆಯಲ್ಲೇ ನೆತ್ತಿಯ ಗಾಳಿಗೆ ಕುಳಿತರೆ ನಡುಕ. ಸರಾಸರಿ ಲೆಕ್ಕದಲ್ಲಿ ಪ್ರತಿ 1000 ಮೀಟರ್ ಮೇಲೇರಿದರೆ ಉಷ್ಣತೆ 6.5 ಡಿಗ್ರಿ ಇಳಿಯುತ್ತದೆ. ಬುಡದಲ್ಲಿ 10 ಡಿಗ್ರಿ ಇದ್ದರೆ ನಿಮ್ಮ 700 ಮೀಟರ್ ಮೇಲೆ ಐದೂವರೆ. ಅಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಇದ್ದರೆ ಬರಿ ಚರ್ಮಕ್ಕೆ ಅದು ಸೊನ್ನೆಯ ಹಾಗೆ ತಾಗುತ್ತದೆ. ಬಿಸಿಲು ಅಷ್ಟೇ ಝಗಝಗ ಹೊಳೆಯುತ್ತಿರುತ್ತದೆ. ಆದ್ದರಿಂದ ಮೈಗಂಟುವ ಬಟ್ಟೆ ಹತ್ತಿಯದು ಬೇಡ, ಅದು ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಉಣ್ಣೆಯದೋ ಬೇಗ ಒಣಗುವ ಸಿಂಥೆಟಿಕ್ ಬಟ್ಟೆಯೋ ಆಗಬಹುದು. ಚೀಲದಲ್ಲಿ ಒಂದು ಬೆಚ್ಚನೆ ಪದರ, ಒಂದು ಗಾಳಿ ತಡೆಯುವ ಜಾಕೆಟ್, ಟೋಪಿ. ನೆತ್ತಿ ಮುಟ್ಟಿದ ಮೊದಲ ನಿಮಿಷದಲ್ಲೇ, ಚಳಿಯಾಗುವ ಮೊದಲೇ, ಅವನ್ನು ತೊಡಿಸಿ. ಚಳಿಯಾಯಿತು ಎಂದು ಹೇಳುವಷ್ಟರಲ್ಲಿ ತಡವಾಗಿರುತ್ತದೆ.

ಕೆಲವು ದಿನ ಈ ಲೆಕ್ಕ ತಲೆಕೆಳಗೂ ಆಗುತ್ತದೆ. ನಿರಭ್ರ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಕಣಿವೆಗೆ ಇಳಿದು ನಿಲ್ಲುತ್ತದೆ. ಬೆಳಿಗ್ಗೆ ಕೆಳಗೆ ಮಂಜು ಕವಿದು ಕೊರೆಯುತ್ತಿರುತ್ತದೆ, ಇನ್ನೂರು ಮುನ್ನೂರು ಮೀಟರ್ ಹತ್ತಿದರೆ ಮಂಜಿನ ಮೇಲೆ ಬಂದು ಬೆಚ್ಚನೆ ಬಿಸಿಲಲ್ಲಿ ನಿಂತಿರುತ್ತೀರಿ, ಕೆಳಗೆ ಬಿಳಿ ಕಡಲು. ಹೊರಡುವಾಗ ಮಂಜು ನೋಡಿ "ಮುನ್ಸೂಚನೆ ಸುಳ್ಳಾಯಿತು, ಒಂದು ಗಂಟೆ ಕಾಯೋಣ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದಾರಿ ಸ್ಪಷ್ಟವಿದ್ದರೆ ಕಾಯಬೇಡಿ. ಆ ನೋಟ ಕಾಯುವವರಿಗೆ ಸಿಗುವುದಿಲ್ಲ.

ಇನ್ನು ತಂಡ. ಹನ್ನೆರಡು ಜನ ಒಂದೇ ಸಾಲಿನಲ್ಲಿ ನಡೆದರೆ ಅದು ರಬ್ಬರಿನ ಹಾಗೆ ಎಳೆಯುತ್ತದೆ. ಒಂದು ತೊರೆಯನ್ನೋ ಬಿದ್ದ ಮರವನ್ನೋ ದಾಟಲು ತಲೆಗೆ ಅರ್ಧ ನಿಮಿಷ ಅಂದರೂ ಹನ್ನೆರಡು ತಲೆಗೆ ಆರು ನಿಮಿಷ. ಮೊದಲು ದಾಟಿದವನು ಕಾಯದೆ ನಡೆದರೆ ಕೊನೆಯವಳು ನಾನೂರು ಮೀಟರ್ ಹಿಂದೆ. ಆಮೇಲೆ ಮುಂದಿನವರು ನಿಂತು ನೀರು ಕುಡಿದು ಮಾತಾಡಿ ಮುಗಿಸಿ ಹೊರಡುವ ಹೊತ್ತಿಗೆ ಅವಳು ಏದುಸಿರು ಬಿಡುತ್ತ ಬಂದು ಸೇರುತ್ತಾಳೆ. ಎಲ್ಲರೂ "ಸರಿ, ಹೊರಡೋಣ" ಅನ್ನುತ್ತಾರೆ. ಹೀಗೆ ದಿನವಿಡೀ ಚುರುಕಿನವರಿಗೆ ವಿಶ್ರಾಂತಿ, ಬೇಕಾದವರಿಗೆ ಇಲ್ಲ. ನಾನು ಪಾಲಿಸುವ ನಿಯಮ ಇಷ್ಟೇ: ನಿಲುಗಡೆಯ ಹತ್ತು ನಿಮಿಷ ಲೆಕ್ಕಕ್ಕೆ ಬರುವುದು ಕೊನೆಯವರು ಬಂದು ಚೀಲ ಇಳಿಸಿದ ಮೇಲೆ. ಇದನ್ನು ಹೊರಡುವ ಮುಂಚೆಯೇ ಎಲ್ಲರ ಎದುರು ಹೇಳಿಬಿಡಿ. ನಡುದಾರಿಯಲ್ಲಿ ಹೇಳಿದರೆ ಯಾರನ್ನೋ ಉದ್ದೇಶಿಸಿ ಹೇಳಿದಂತಾಗುತ್ತದೆ.

ನಿಧಾನ ನಡೆಯುವವರನ್ನು ಹಿಂದೆ ಬಿಡದೆ ನಿಮ್ಮ ಬೆನ್ನಿಗೇ, ಎರಡನೆಯ ಸ್ಥಾನದಲ್ಲಿ ನಡೆಸಿ. ಅವರ ಉಸಿರಾಟ ನಿಮ್ಮ ಕಿವಿಗೆ ಬೀಳುತ್ತಿದ್ದರೆ ನಿಮ್ಮ ಹೆಜ್ಜೆ ತಾನಾಗಿಯೇ ಹದಕ್ಕೆ ಬರುತ್ತದೆ. ಏರುವಾಗ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿ, ಒಂದೊಂದೇ ಪದ ಬರುತ್ತಿದ್ದರೆ ಹೆಚ್ಚಾಯಿತು. ಕೊನೆಗೆ ಒಬ್ಬ ನೆಚ್ಚಿನ, ತಾಳ್ಮೆಯ ಮನುಷ್ಯನನ್ನು ಇಡಿ. ಅವನಿಗಿಂತ ಹಿಂದೆ ಯಾರೂ ಇರಬಾರದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಅವನ ಹತ್ತಿರವೇ ಇರಲಿ. ಯಾಕೆಂದರೆ ಬೊಬ್ಬೆ ಎದ್ದವರು, ಕಾಲು ಉಳುಕಿದವರು ಹಿಂದಕ್ಕೇ ಜಾರುತ್ತಾರೆ, ಮುಂದಿರುವ ನಿಮ್ಮ ಹತ್ತಿರ ಪೆಟ್ಟಿಗೆ ಇದ್ದರೆ ಅದು ಅವರಿಂದ ದೂರ ಹೋಗುತ್ತಲೇ ಇರುತ್ತದೆ. ಪ್ರತಿ ಕವಲಿನಲ್ಲೂ ಈ ಕೊನೆಯ ಮನುಷ್ಯ ಕಣ್ಣಿಗೆ ಬೀಳುವ ತನಕ ನಿಲ್ಲಿ, ತಲೆ ಎಣಿಸಿ, ಆಮೇಲೆ ಹೊರಡಿ. ದೇಹಬಾಧೆಗೆಂದು ಪೊದೆಯ ಕಡೆ ಹೋಗುವವರು ತಮ್ಮ ಚೀಲವನ್ನು ದಾರಿಯ ಮೇಲೇ ಇಟ್ಟು ಹೋಗಲಿ. ಚೀಲ ಕಂಡರೆ ಹಿಂದಿನವರು ನಿಲ್ಲುತ್ತಾರೆ. ತಂಡಗಳು ಜನರನ್ನು ಕಳೆದುಕೊಳ್ಳುವುದು ಪ್ರಪಾತದಲ್ಲಿ ಅಲ್ಲ, ಹೆಚ್ಚಾಗಿ ಇಂಥ ನಾಚಿಕೆಯ ಎರಡು ನಿಮಿಷದಲ್ಲಿ. ವಾಪಸ್ ಹೋಗುತ್ತೇನೆ ಎನ್ನುವವರನ್ನು ಒಬ್ಬರೇ ಕಳಿಸಬೇಡಿ, ದಾರಿ ಎಷ್ಟೇ ಸುಲಭವಿರಲಿ.

ನೆತ್ತಿಗೆ ಒಂದು ಗಡುವು ಇಟ್ಟುಕೊಳ್ಳಿ. ನಿಮ್ಮ ಲೆಕ್ಕಕ್ಕೆ ನಾನು ಮಧ್ಯಾಹ್ನ ಒಂದೂವರೆ ಎನ್ನುತ್ತೇನೆ. ಒಂದೂವರೆಗೆ ಎಲ್ಲಿರುತ್ತೀರೋ ಅಲ್ಲಿ ಊಟ, ಆಮೇಲೆ ಹತ್ತಿ ಬಂದ ದಾರಿಯಲ್ಲೇ ಇಳಿತ, ನೆತ್ತಿ ಕಣ್ಣೆದುರೇ ಇದ್ದರೂ ಸರಿ. ಇದನ್ನೂ ಬೆಳಿಗ್ಗೆಯೇ ಘೋಷಿಸಿ. "ಇನ್ನೇನು ಹತ್ತು ನಿಮಿಷ" ಎಂಬ ಮಾತು ಆಗ ಬಂದೇ ಬರುತ್ತದೆ, ದೂರದ ಬೆಟ್ಟ ನುಣ್ಣಗೆ ಕಾಣುವ ಹಾಗೆ ಹತ್ತಿರದ ನೆತ್ತಿ ಇನ್ನೂ ಹತ್ತಿರ ಕಾಣುತ್ತದೆ. ಅದರ ಹಿಂದೆ ನಿಜವಾದ ನೆತ್ತಿ ಬೇರೆಯೇ ಅಡಗಿರುವುದುಂಟು.

ಸಾಮಾನಿನ ಉದ್ದ ಪಟ್ಟಿ ಕೊಡುವುದಿಲ್ಲ. ನೀರು ತಲಾ ಒಂದೂವರೆಯಿಂದ ಎರಡು ಲೀಟರ್. ತಂಪು ಗಾಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದ್ದರಿಂದ ನಿಂತಾಗಲೆಲ್ಲ ಕುಡಿಸಿ. ಹಣೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರ ಚೀಲದಲ್ಲೂ ಇರಲೇಬೇಕು, ಫೋನಿನ ಟಾರ್ಚ್ ಅದಕ್ಕೆ ಬದಲಿ ಅಲ್ಲ. ಫೋನಿನ ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ, ಸಿಗ್ನಲ್ ಹುಡುಕುತ್ತ ಇನ್ನೂ ಬೇಗ. ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡು ಏರೋಪ್ಲೇನ್ ಮೋಡ್‌ನಲ್ಲಿಟ್ಟು ಮೈಗೆ ಹತ್ತಿರದ ಜೇಬಿನಲ್ಲಿ ಇರಿಸಿ, ಜೊತೆಗೊಂದು ಕಾಗದದ ನಕ್ಷೆಯೂ ಇರಲಿ. ಸೀಟಿ ಬೇಕು. ಬೆಟ್ಟದಲ್ಲಿ ಸಹಾಯದ ಕರೆ ಅಂದರೆ ಒಂದು ನಿಮಿಷದಲ್ಲಿ ಆರು ಸಲ ಸೀಟಿ ಅಥವಾ ಬೆಳಕು, ಒಂದು ನಿಮಿಷ ಬಿಡುವು, ಮತ್ತೆ ಆರು. ಉತ್ತರವಾಗಿ ಮೂರು ಬರುತ್ತದೆ. ಉತ್ತರ ಬಂದರೂ ನಿಮ್ಮ ಬಳಿಗೆ ಜನ ಬಂದು ಮುಟ್ಟುವ ತನಕ ನಿಲ್ಲಿಸಬೇಡಿ, ಅವರು ಸದ್ದಿನ ಜಾಡು ಹಿಡಿದೇ ಬರಬೇಕು. ಯಾವ ದಾರಿ, ಎಷ್ಟು ಜನ, ಎಷ್ಟು ಗಂಟೆಗೆ ವಾಪಸ್ ಎಂಬುದನ್ನು ಬೆಟ್ಟಕ್ಕೆ ಬಾರದ ಒಬ್ಬರಿಗೆ ಬರೆದು ಕೊಟ್ಟು ಹೊರಡಿ. ಇಳಿದ ಮೇಲೆ ಅವರಿಗೆ ಫೋನ್ ಮಾಡುವುದನ್ನು ಮರೆಯಬೇಡಿ, ಜನ ಮರೆಯುವುದು ಇದನ್ನೇ.

ಕೊನೆಗೆ ನಿಮ್ಮ ಗೆಳತಿ. ಏರುವಾಗ ಆಯಾಸವಾಗುವುದು ಉಸಿರಿಗೆ, ಇಳಿಯುವಾಗ ಮಂಡಿಗೆ. ಇಳಿಯುವ ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆದು ನಿಲ್ಲಿಸಬೇಕು. ಅದು ದಣಿದಾಗ ಭಾರವೆಲ್ಲ ಕೀಲಿನ ಮೇಲೆ. ಹಾಗಾಗಿ ಅವಳನ್ನು ಕೇಳಬೇಕಾದದ್ದು "ಬೆಟ್ಟ ಹತ್ತುತ್ತೀಯಾ?" ಎಂದಲ್ಲ, "ಮೆಟ್ಟಿಲು ಇಳಿಯುವಾಗ ನೋವಾಗುತ್ತದಾ?" ಎಂದು. ನಾಲ್ಕೈದು ಮಹಡಿ ಇಳಿದರೂ ನೋವಿಲ್ಲ, ಮಂಡಿ ಊದುವುದಿಲ್ಲ ಎಂದರೆ ಬರಲಿ, ಎರಡು ಊರುಗೋಲು ಹಿಡಿದು, ಚೀಲದ ಭಾರವನ್ನು ನಿಮ್ಮಲ್ಲೊಬ್ಬರಿಗೆ ಹಂಚಿ. ಮಂಡಿ ಊದಿದ್ದರೆ, ಅಥವಾ ನಡೆಯುವಾಗ ಕುಸಿದಂತೆ ಆಗುತ್ತಿದ್ದರೆ ಈ ಸಲ ಬೇಡ, ಮೊದಲು ವೈದ್ಯರ ಬಳಿ ಹೋಗಲಿ. ನಡುವೆ ಎಲ್ಲೋ ಇದ್ದಾಳೆ ಅನಿಸಿದರೆ ಕಾಡು ಮುಗಿದು ಬಯಲು ಶುರುವಾಗುವ ತನಕ ಬರಲಿ. ಅಲ್ಲಿಂದ ಇನ್ನಿಬ್ಬರ ಜೊತೆ ಅದೇ ದಾರಿಯಲ್ಲಿ ನಿಧಾನ ಇಳಿಯಬಹುದು. ಆ ಇಬ್ಬರು ಯಾರು ಎಂಬುದನ್ನು ಅವಳೆದುರು ಬೆಟ್ಟದ ಮೇಲೆ ಚರ್ಚಿಸಬೇಡಿ. ಶನಿವಾರವೇ ಕೇಳಿ ಗೊತ್ತುಮಾಡಿಕೊಂಡಿರಿ.